ತರಗತಿಯಲ್ಲಿ ಬ್ಲಾಗ್: ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ಕೈಲಿ ಬ್ಲಾಗ್ ಬರೆಸಬೇಕು ಅನ್ನುವ ಆಸೆ ಇದೆ, ಆದರೆ ಎಲ್ಲಿಂದ ಶುರು ಮಾಡಬೇಕು, ಏನಾದರೂ ಎಡವಟ್ಟಾದರೆ ಗತಿ ಏನು ಅಂತ ಯೋಚಿಸುತ್ತಿರುವ ಶಿಕ್ಷಕರಿಗಾಗಿ ಈ ಪುಟ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಶುರು ಮಾಡಿ. ಅಷ್ಟೆಲ್ಲ ಪುರುಸೊತ್ತಿಲ್ಲ ಅಂದರೆ ಕಾಮೆಂಟ್ ಬಗ್ಗೆ ಇರುವ ಉತ್ತರವನ್ನಾದರೂ ಓದಿ.

ಕ್ಲಾಸಿನ ಬ್ಲಾಗ್ ಅಂದರೆ ಯಾವುದು? ಅದರಲ್ಲಿ ಬರೆಯುವವರು ಯಾರು?

ಮೂರು ಬಗೆ ಇದೆ. ಒಂದು, ಶಿಕ್ಷಕರೇ ಬರೆಯುವ ಬ್ಲಾಗ್. ಮನೆಕೆಲಸ, ಪಾಠದ ಟಿಪ್ಪಣಿ, ಪರೀಕ್ಷೆಯ ದಿನಾಂಕ ಅಲ್ಲಿರುತ್ತದೆ. ಎರಡು, ಇಡೀ ತರಗತಿಗೆ ಒಂದೇ ಬ್ಲಾಗ್. ಮಕ್ಕಳು ಸರದಿಯ ಮೇಲೆ ಬರೆಯುತ್ತಾರೆ. ಮೂರು, ಪ್ರತಿ ಮಗುವಿಗೂ ಸ್ವಂತ ಬ್ಲಾಗ್.

ಮೊದಲನೆಯದು ನೋಟಿಸ್ ಬೋರ್ಡ್ ಅಷ್ಟೇ. ಅದರಿಂದ ಅನುಕೂಲ ಇದೆ, ಆದರೆ ಮಕ್ಕಳು ಅಲ್ಲಿ ಏನನ್ನೂ ಬರೆಯುವುದಿಲ್ಲ. ಮೂರನೆಯದು ಚೆನ್ನಾಗಿರುತ್ತದೆ, ಆದರೆ 40 ಮಕ್ಕಳಿದ್ದರೆ 40 ಬ್ಲಾಗಿನ ಮೇಲೆ ಕಣ್ಣಿಡಬೇಕು. ಶುರು ಮಾಡುವವರಿಗೆ ಎರಡನೆಯದೇ ಸರಿ. ಒಂದು ವರ್ಷ ಅದು ಚೆನ್ನಾಗಿ ನಡೆದರೆ, ಬರೆಯುವ ಚಟ ಹತ್ತಿದ ಮಕ್ಕಳಿಗೆ ಸ್ವಂತ ಬ್ಲಾಗ್ ಮಾಡಿಕೊಡಬಹುದು.

ನೋಟ್‌ಬುಕ್ಕಿನಲ್ಲಿ ಬರೆಸಿದರೆ ಸಾಲದಾ? ಇದೆಲ್ಲ ಯಾಕೆ ಬೇಕು?

ನೋಟ್‌ಬುಕ್ಕಿನಲ್ಲಿ ಬರೆದ ಪ್ರಬಂಧವನ್ನು ಓದುವವರು ಒಬ್ಬರೇ: ಟೀಚರ್. ಅವರೂ ಓದುವುದು ಕೆಂಪು ಪೆನ್ ಹಿಡಿದುಕೊಂಡು. ಮಗುವಿಗೂ ಇದು ಗೊತ್ತು. ಹಾಗಾಗಿ ಟೀಚರಿಗೆ ಮೊದಲೇ ಗೊತ್ತಿರುವ ವಿಷಯವನ್ನು, ಟೀಚರಿಗೆ ಇಷ್ಟವಾಗುವ ಧಾಟಿಯಲ್ಲಿ, ಟೀಚರ್ ಹೇಳಿದಷ್ಟು ಉದ್ದ ಬರೆದು ಕೈ ತೊಳೆದುಕೊಳ್ಳುತ್ತದೆ. ನಮಗೆ ಏನೋ ಗೊತ್ತಿದೆ, ಎದುರಿಗಿರುವವರಿಗೆ ಗೊತ್ತಿಲ್ಲ, ಅವರಿಗೆ ಅರ್ಥವಾಗುವ ಹಾಗೆ ಹೇಳಬೇಕು. ಬರವಣಿಗೆಯ ಈ ಮೂಲ ಕೆಲಸ ಅಲ್ಲಿ ನಡೆಯುವುದೇ ಇಲ್ಲ.

ಇದು ಇಂಟರ್ನೆಟ್ ಬಂದ ಮೇಲೆ ಹುಟ್ಟಿದ ಯೋಚನೆ ಅಲ್ಲ. ಫ್ರಾನ್ಸಿನ ಸೆಲೆಸ್ಟಿನ್ ಫ್ರೆನೆ ಅನ್ನುವ ಹಳ್ಳಿ ಮೇಷ್ಟ್ರು 1920ರ ದಶಕದಲ್ಲೇ ತಮ್ಮ ಕ್ಲಾಸಿಗೆ ಒಂದು ಪುಟ್ಟ ಮುದ್ರಣ ಯಂತ್ರ ತಂದಿಟ್ಟರು. ಮೊದಲ ಮಹಾಯುದ್ಧದಲ್ಲಿ ಅವರ ಶ್ವಾಸಕೋಶಕ್ಕೆ ಪೆಟ್ಟಾಗಿತ್ತು. ಗಂಟೆಗಟ್ಟಲೆ ನಿಂತು ಪಾಠ ಹೇಳುವ ಶಕ್ತಿ ಇರಲಿಲ್ಲ. ಮಕ್ಕಳು ತಾವು ಕಂಡದ್ದನ್ನು ತಾವೇ ಬರೆದರು, ತಾವೇ ಅಚ್ಚಿನ ಮೊಳೆ ಜೋಡಿಸಿದರು, ತಾವೇ ಮುದ್ರಿಸಿದರು. ಆಮೇಲೆ ಆ ಹಾಳೆಗಳನ್ನು ದೂರದ ಇನ್ನೊಂದು ಶಾಲೆಗೆ ಅಂಚೆಯಲ್ಲಿ ಕಳಿಸಿದರು. ಅಲ್ಲಿನ ಮಕ್ಕಳೂ ತಮ್ಮ ಬರಹಗಳನ್ನು ಇವರಿಗೆ ಕಳಿಸಿದರು. ಬ್ಲಾಗಿನಲ್ಲಿ ನಡೆಯುವುದೂ ಇದೇ. ಮೊಳೆ ಜೋಡಿಸುವ ಕಷ್ಟ ತಪ್ಪಿದೆ, ಅಂಚೆ ಬೇಗ ತಲುಪುತ್ತದೆ ಅಷ್ಟೇ.

ಬ್ಲಾಗ್ ಕಾಲ ಮುಗಿದುಹೋಯಿತಲ್ವಾ? ಈಗ ಎಲ್ಲರೂ ವಿಡಿಯೋ ನೋಡುತ್ತಾರೆ.

ಫ್ಯಾಷನ್ ಮುಗಿದಿದೆ, ನಿಜ. ಬ್ಲಾಗ್ ಮಾಡಲು ಬಳಸುವ ಸೇವೆಗಳಲ್ಲಿ ಬ್ಲಾಗರ್ ಶುರುವಾದದ್ದು 1999ರಲ್ಲಿ, ವರ್ಡ್‌ಪ್ರೆಸ್ 2003ರಲ್ಲಿ. ಅಂತರ್ಜಾಲದ ಲೆಕ್ಕದಲ್ಲಿ ಎರಡೂ ಮುದುಕರೇ. ಆದರೆ ಫ್ಯಾಷನ್ ಹೋಗಿರುವುದೇ ತರಗತಿಗೆ ಒಳ್ಳೆಯದಾಯಿತು. ಬ್ಲಾಗಿನಲ್ಲಿ ಲೈಕಿಗಾಗಿ ಓಟ ಇಲ್ಲ, ಮುಂದಿನದನ್ನು ತಾನೇ ತಂದು ತುರುಕುವ ಯಂತ್ರ ಇಲ್ಲ. ಬರೆದದ್ದು ದಿನಾಂಕದ ಸಮೇತ ಇದ್ದಲ್ಲೇ ಇರುತ್ತದೆ. ಆರು ತಿಂಗಳ ಹಿಂದೆ ತಾನು ಹೇಗೆ ಬರೆಯುತ್ತಿದ್ದೆ ಅಂತ ಮಗು ಹಿಂದಕ್ಕೆ ಹೋಗಿ ನೋಡಬಹುದು.

ಕ್ಲಾಸಿಗೆ ವಾಟ್ಸಾಪ್ ಗ್ರೂಪ್ ಇದೆ. ಅದರಲ್ಲೇ ಹಾಕಿದರೆ ಆಗಲ್ವಾ?

ಸೂಚನೆ ಕೊಡಲು ಗ್ರೂಪೇ ವಾಸಿ. ಬರವಣಿಗೆಗೆ ಅಲ್ಲ. ಬೆಳಿಗ್ಗೆ ಹಾಕಿದ್ದು ಸಂಜೆಯೊಳಗೆ ಶುಭಾಶಯಗಳ ರಾಶಿಯ ಕೆಳಗೆ ಹೋಗಿಬಿಡುತ್ತದೆ. ಮೇಲಾಗಿ ಎಲ್ಲರ ಫೋನ್ ನಂಬರೂ ಎಲ್ಲರಿಗೂ ಕಾಣುತ್ತದೆ. ಮಕ್ಕಳ ಮಟ್ಟಿಗೆ ಅದೇ ಒಂದು ತಲೆನೋವು.

ಎಷ್ಟನೇ ವಯಸ್ಸಿನಿಂದ ಬರೆಸಬಹುದು? ಕಾನೂನು ಏನು ಹೇಳುತ್ತದೆ?

ಬರೆಯಲು ಬರುವ ಯಾವ ಮಗುವೂ ಬರೆಯಬಹುದು. ಆದರೆ ಖಾತೆ ಯಾರ ಹೆಸರಿನಲ್ಲಿ ಇರಬೇಕು ಅನ್ನುವುದು ಬೇರೆ ಪ್ರಶ್ನೆ. ಅಮೆರಿಕದಲ್ಲಿ 1998ರ ಕಾಪ್ಪಾ ಕಾನೂನಿನ ಪ್ರಕಾರ, 13 ವರ್ಷದೊಳಗಿನ ಮಕ್ಕಳ ಮಾಹಿತಿ ಪಡೆಯಲು ಜಾಲತಾಣಗಳಿಗೆ ಹೆತ್ತವರ ಒಪ್ಪಿಗೆ ಬೇಕು. ಬಹಳಷ್ಟು ತಾಣಗಳು "13 ತುಂಬಿರಬೇಕು" ಅನ್ನುವುದಕ್ಕೆ ಕಾರಣ ಇದೇ. ಯೂರೋಪಿನ ಜಿಡಿಪಿಆರ್ ಅನ್ನುವ ದತ್ತಾಂಶ ರಕ್ಷಣೆಯ ಕಾನೂನು ಈ ಮಿತಿಯನ್ನು 16ಕ್ಕೆ ಇಟ್ಟಿದೆ. ಬೇಕಾದ ದೇಶಗಳು ಅದನ್ನು 13ರವರೆಗೆ ಇಳಿಸಿಕೊಳ್ಳಬಹುದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾನೂನಿನಲ್ಲಿ 18ರೊಳಗಿನವರೆಲ್ಲ ಮಕ್ಕಳೇ. ನೀವು ಎಲ್ಲೇ ಪಾಠ ಮಾಡುತ್ತಿದ್ದರೂ ಮೊದಲು ಅಲ್ಲಿನ ಮಿತಿ ತಿಳಿದುಕೊಳ್ಳಿ.

ಚಿಕ್ಕ ಮಕ್ಕಳಿಗೆ ಸುಲಭದ ದಾರಿ ಇದೆ. ಖಾತೆ ಶಿಕ್ಷಕರದ್ದೇ ಇರಲಿ. ಮಗು ಬರೆದುಕೊಡಲಿ, ನೀವು ಏರಿಸಿ. ಮಗುವಿನ ಇಮೇಲ್, ಹುಟ್ಟಿದ ದಿನ ಯಾವುದನ್ನೂ ಎಲ್ಲೂ ಕೊಡಬೇಕಾಗಿಲ್ಲ. ಆದರೂ ಹೆತ್ತವರ ಒಪ್ಪಿಗೆಯನ್ನು ಬರಹದಲ್ಲೇ ತೆಗೆದುಕೊಳ್ಳಿ. "ಬ್ಲಾಗ್ ಮಾಡುತ್ತೇವೆ, ಸಹಿ ಹಾಕಿ" ಅಂದರೆ ಸಾಲದು. ಯಾರು ಓದುತ್ತಾರೆ, ಹೆಸರು ಹೇಗೆ ಹಾಕುತ್ತೇವೆ, ಫೋಟೋ ಇರುತ್ತದೋ ಇಲ್ಲವೋ, ಬೇಡ ಅನ್ನಿಸಿದಾಗ ಹೇಗೆ ತೆಗೆಸುವುದು, ಇಷ್ಟಾದರೂ ಆ ಪತ್ರದಲ್ಲಿರಲಿ. ಒಪ್ಪದ ಮನೆಯ ಮಗುವಿನ ಬರಹವನ್ನು ಕ್ಲಾಸಿನ ಗೋಡೆಗೆ ಅಂಟಿಸಿ. ಆ ಮಗು ಹೊರಗುಳಿಯಬಾರದು.

ಯಾವ ತಾಣ ಒಳ್ಳೆಯದು?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ನನ್ನ ಪ್ರಕಾರ ಇದಕ್ಕೆ ಅಷ್ಟು ಮಹತ್ವ ಕೊಡಬೇಕಾಗಿಲ್ಲ. ಆದರೂ ಗೊತ್ತಿರಬೇಕಾದ ವ್ಯತ್ಯಾಸಗಳಿವೆ.

ಬ್ಲಾಗರ್ ಉಚಿತ, ಗೂಗಲ್ ಖಾತೆ ಇದ್ದರೆ ಕ್ಷಣದಲ್ಲಿ ತಯಾರು. ಒಂದು ಬ್ಲಾಗಿಗೆ 100 ಜನರನ್ನು ಸೇರಿಸಬಹುದು. ತೊಂದರೆ ಏನೆಂದರೆ, ಲೇಖಕರಾಗಿ ಸೇರಿಸಿದ ಯಾರು ಬೇಕಾದರೂ ನೇರವಾಗಿ ಪ್ರಕಟಿಸಬಹುದು. "ಟೀಚರ್ ನೋಡಿದ ಮೇಲೆ ಪ್ರಕಟಿಸು" ಅನ್ನುವ ಏರ್ಪಾಡು ಅಲ್ಲಿಲ್ಲ.

ಆ ಏರ್ಪಾಡು ವರ್ಡ್‌ಪ್ರೆಸ್‌ನಲ್ಲಿದೆ. ಮಕ್ಕಳನ್ನು "ಕಾಂಟ್ರಿಬ್ಯೂಟರ್" ಅಂತ ಸೇರಿಸಿದರೆ ಅವರು ಬರೆಯಬಹುದು, ಪ್ರಕಟಿಸಲಾಗದು. ಬರಹ ನಿಮ್ಮ ಒಪ್ಪಿಗೆಗಾಗಿ ಕಾಯುತ್ತದೆ. ಒಂದು ಸಣ್ಣ ಕಿರಿಕಿರಿ ಇದೆ: ಈ ದರ್ಜೆಯವರಿಗೆ ಚಿತ್ರ ಏರಿಸಲು ಬರುವುದಿಲ್ಲ. ಚಿತ್ರ ಸೇರಿಸುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಒಂದು ರೀತಿಯಲ್ಲಿ ಅದೂ ಒಳ್ಳೆಯದೇ, ಯಾಕೆ ಅಂತ ಮುಂದೆ ಹೇಳಿದ್ದೇನೆ.

ಎಡ್ಯುಬ್ಲಾಗ್ಸ್ 2005ರಲ್ಲಿ ಶುರುವಾದದ್ದು. ವರ್ಡ್‌ಪ್ರೆಸ್ ಮೇಲೆಯೇ ಶಾಲೆಗಳಿಗಾಗಿ ಕಟ್ಟಿದ ಸೇವೆ ಅದು. ಇಮೇಲ್ ಇಲ್ಲದ ಮಕ್ಕಳಿಗೂ ಅಲ್ಲಿ ಶಿಕ್ಷಕರೇ ಖಾತೆ ಮಾಡಿಕೊಡಬಹುದು. ಗೂಗಲ್ ಸೈಟ್ಸ್ ನೋಡಲು ಅಂದವಾಗಿದೆ, ಆದರೆ ಅದರಲ್ಲಿ ಕಾಮೆಂಟ್ ಹಾಕುವ ವ್ಯವಸ್ಥೆಯೇ ಇಲ್ಲ. ಕಾಮೆಂಟ್ ಇಲ್ಲದ ಮೇಲೆ ಈ ಕೆಲಸಕ್ಕೆ ಅದು ಬೇಡ.

ಎಲ್ಲರಿಗೂ ಕಾಣುವ ಹಾಗೆ ಇಡಬೇಕಾ, ಮುಚ್ಚಿಡಬೇಕಾ?

ಮೊದಲ ಕೆಲವು ವಾರ ಕ್ಲಾಸಿನೊಳಗೇ ಇರಲಿ. ಮಕ್ಕಳು ಒಬ್ಬರದ್ದನ್ನೊಬ್ಬರು ಓದಿ ಕೈ ಪಳಗಿದ ಮೇಲೆ ಹೆತ್ತವರಿಗೆ ತೆರೆಯಿರಿ. ಎಲ್ಲರಿಗೂ ತೆರೆಯುವುದು ಆಮೇಲಿನ ಮಾತು. ಅದು ಕಡ್ಡಾಯವೇನೂ ಅಲ್ಲ.

ಒಂದು ವಿಷಯದಲ್ಲಿ ಮಾತ್ರ ಮೋಸ ಹೋಗಬೇಡಿ. "ಸರ್ಚ್ ಎಂಜಿನ್‌ಗಳಿಗೆ ಬೇಡ" ಅನ್ನುವ ಸೆಟ್ಟಿಂಗ್ ಒಂದು ವಿನಂತಿ ಅಷ್ಟೇ. ಕೊಂಡಿ ಸಿಕ್ಕವರು ಯಾರು ಬೇಕಾದರೂ ಪುಟ ತೆರೆಯಬಹುದು. ನಿಜವಾಗಿಯೂ ಮುಚ್ಚಬೇಕಾದರೆ ಪಾಸ್‌ವರ್ಡ್ ಇಡಿ, ಇಲ್ಲವೇ ಓದುಗರ ಪಟ್ಟಿಯನ್ನು ನೀವೇ ಮಾಡಿ.

ಮಕ್ಕಳ ಹೆಸರು, ಫೋಟೋ ಹಾಕಬಹುದಾ?

ಪೂರ್ತಿ ಹೆಸರು ಬೇಡ. ಮೊದಲ ಹೆಸರು, ಇಲ್ಲವೇ ಮಗುವೇ ಆರಿಸಿಕೊಂಡ ಅಡ್ಡಹೆಸರು ಸಾಕು. ಅಡ್ಡಹೆಸರು ಇಟ್ಟುಕೊಳ್ಳುವುದು ಮಕ್ಕಳಿಗೆ ಹಬ್ಬ. "ಗುಡುಗು", "ಮೂರನೇ ಬೆಂಚು" ಇಂಥವೆಲ್ಲ ಬರುತ್ತವೆ, ಬರಲಿ ಬಿಡಿ. ಯಾರು ಯಾರೆಂಬ ಪಟ್ಟಿ ನಿಮ್ಮ ಹತ್ತಿರ ಇದ್ದರೆ ಆಯಿತು.

ಮುಖ ಕಾಣುವ ಫೋಟೋ ಬೇಡ. ಕೆಲಸ ಮಾಡುತ್ತಿರುವ ಕೈ, ಬರೆದ ಚಿತ್ರ, ಕಟ್ಟಿದ ಮಾದರಿ ಸಾಕು. ಇನ್ನೊಂದು ಸೂಕ್ಷ್ಮ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಫೋನಿನಲ್ಲಿ ತೆಗೆದ ಫೋಟೋ ಒಳಗೆ ಅದನ್ನು ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಸೇರಿಕೊಂಡಿರಬಹುದು. ಫೋಟೋದಲ್ಲಿ ಬರೀ ಒಂದು ಎಲೆ ಇದ್ದರೂ ಅದು ಯಾರ ಮನೆಯ ಅಂಗಳದ್ದು ಅಂತ ಫೈಲ್ ಹೇಳಿಬಿಡುತ್ತದೆ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿ. ಆಗಲೇ ತೆಗೆದಿದ್ದರೆ, ಫೋಟೋವನ್ನು ತೆರೆದು ಅದರ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಹಾಕಿ. ಚಿತ್ರ ಏರಿಸುವ ಕೆಲಸ ಶಿಕ್ಷಕರ ಕೈಯಲ್ಲೇ ಇದ್ದರೆ ಒಳ್ಳೆಯದು ಅಂದದ್ದು ಇದಕ್ಕೇ.

ಏನು ಬರೆಸುವುದು? ಮಕ್ಕಳು "ವಿಷಯ ಕೊಡಿ ಮಿಸ್" ಅನ್ನುತ್ತಾರೆ.

ಪ್ರಬಂಧದ ವಿಷಯ ಕೊಟ್ಟರೆ ಪ್ರಬಂಧವೇ ಬರುತ್ತದೆ. "ಪರಿಸರ ಸಂರಕ್ಷಣೆ" ಅಂತ ಬೋರ್ಡಿನ ಮೇಲೆ ಬರೆದರೆ ಎಲ್ಲರೂ ಒಂದೇ ಅಚ್ಚಿನಲ್ಲಿ ಬರೆಯುತ್ತಾರೆ. ಅದನ್ನು ಓದಲು ಇನ್ನೊಂದು ಮಗುವಿಗೆ ಕಾರಣವೇ ಇರುವುದಿಲ್ಲ. ಬರೆದವರಿಗೆ ಮಾತ್ರ ಗೊತ್ತಿರುವಂಥದ್ದನ್ನು ಕೇಳಿ. ನಿನಗೆ ಚೆನ್ನಾಗಿ ಮಾಡಲು ಬರುವ ಒಂದು ಕೆಲಸವನ್ನು, ಅದು ಬಾರದವರಿಗೆ ಹೇಳಿಕೊಡು. ನಿನ್ನೆಯ ಪಾಠದಲ್ಲಿ ಅರ್ಥವಾಗದೆ ಉಳಿದದ್ದು ಯಾವುದು? ಕಿಟಕಿಯಿಂದ ಹತ್ತು ನಿಮಿಷ ನೋಡಿ, ಕಂಡದ್ದನ್ನು ಮಾತ್ರ ಬರೆ, ಅನ್ನಿಸಿದ್ದನ್ನು ಬರೆಯಬೇಡ. ಈ ಕೊನೆಯದು ದೊಡ್ಡವರಿಗೂ ಕಷ್ಟವೇ.

ಉದ್ದದ ಗೋಜು ಬೇಡ. 100 ಪದ ಸಾಕು. ಚಿಕ್ಕದಾದರೆ ಬೇರೆ ಮಕ್ಕಳು ಪೂರ್ತಿ ಓದುತ್ತಾರೆ. ಪೂರ್ತಿ ಓದಿದರೆ ತಾನೇ ಏನಾದರೂ ಹೇಳುವುದು?

ಸರದಿ ಇಡುವುದೂ ಚೆನ್ನಾಗಿ ನಡೆಯುತ್ತದೆ. ದಿನಕ್ಕೆ ಒಬ್ಬರು "ಇವತ್ತಿನ ವರದಿಗಾರ". ಆ ದಿನ ಕ್ಲಾಸಿನಲ್ಲಿ ಏನೇನು ಕಲಿತೆವು ಅಂತ, ರಜೆ ಹಾಕಿದವರಿಗೆ ಅರ್ಥವಾಗುವ ಹಾಗೆ ಅವರು ಬರೆಯಬೇಕು. ಇಲ್ಲಿ ಓದುಗರು ನಿಜವಾದವರು, ಅವರಿಗೆ ಅದು ಬೇಕಾಗಿಯೂ ಇದೆ. ವರದಿಗಾರ ತಪ್ಪು ಬರೆದರೆ ಮಾರನೇ ದಿನ ಜಗಳ ಗ್ಯಾರಂಟಿ. ಅದು ಒಳ್ಳೆಯ ಜಗಳ.

ಭಾಷಾ ಪಾಠಕ್ಕೆ ಸರಿ. ಗಣಿತ, ವಿಜ್ಞಾನಕ್ಕೆ ಬ್ಲಾಗ್ ಏನು ಮಾಡುತ್ತದೆ?

ಭಾಷೆಗಿಂತ ಗಣಿತಕ್ಕೇ ಜಾಸ್ತಿ ಉಪಯೋಗ ಅಂತ ನನಗೆ ಅನ್ನಿಸಿದೆ. ಗಣಿತದಲ್ಲಿ ಮಕ್ಕಳು ಉತ್ತರ ಬರೆಯುತ್ತಾರೆ, ಯೋಚನೆಯನ್ನು ಬರೆಯುವುದೇ ಇಲ್ಲ. ಒಂದು ಉದಾಹರಣೆ ನೋಡಿ. 1/2 ಮತ್ತು 1/3 ಕೂಡಿಸು ಅಂದರೆ ಬಹಳಷ್ಟು ಮಕ್ಕಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಅನ್ನುತ್ತಾರೆ. ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಕೆಂಪು ಗೀಟು ಬೀಳುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಬ್ಲಾಗಿನಲ್ಲಿ ಪ್ರಶ್ನೆಯನ್ನು ತಿರುಗಿಸಿ ಇಡಿ: "ಒಬ್ಬರು 2/5 ಅಂತ ಬರೆದಿದ್ದಾರೆ. ಲೆಕ್ಕ ಮಾಡದೆಯೇ ಇದು ತಪ್ಪು ಅಂತ ಅವರಿಗೆ ಒಪ್ಪಿಸಿ."

ಯಾವುದೋ ಒಂದು ಮಗು ಹೀಗೆ ಬರೆಯುತ್ತದೆ: "2/5 ಅಂದರೆ ಅರ್ಧಕ್ಕಿಂತ ಕಮ್ಮಿ. ನನ್ನ ಹತ್ತಿರ ಅರ್ಧ ಇತ್ತು, ಇನ್ನಷ್ಟು ಕೊಟ್ಟಿರಿ, ಆಮೇಲೆ ಅರ್ಧವೂ ಇಲ್ಲ. ಎಲ್ಲಿ ಹೋಯಿತು?" ಇಷ್ಟು ಹೇಳಿದ ಮಗುವಿಗೆ ಭಿನ್ನರಾಶಿ ಅರ್ಥವಾಗಿದೆ. 5/6 ಅನ್ನುವ ಸರಿ ಉತ್ತರ ಬರೆದ ಎಲ್ಲರಿಗೂ ಅರ್ಥವಾಗಿರುತ್ತದೆ ಅಂತ ಹೇಳಲಾಗದು.

ವಿಜ್ಞಾನದಲ್ಲಿ ದಿನಚರಿಯ ಹಾಗೆ ಬರೆಸಿ. ಪ್ರಯೋಗ ಮುಗಿದ ಮೇಲೆ ಬರೆದ ವರದಿಯಲ್ಲಿ ಎಲ್ಲವೂ ನೆಟ್ಟಗೆ ಇರುತ್ತದೆ. ದಿನ ದಿನವೂ ಬರೆದರೆ ಊಹೆ, ತಪ್ಪಿದ ಊಹೆ, ಗೊಂದಲ ಎಲ್ಲವೂ ದಿನಾಂಕದ ಜೊತೆ ಉಳಿಯುತ್ತದೆ.

ಕಾಮೆಂಟ್ ಹಾಕುವುದನ್ನು ಮಕ್ಕಳಿಗೆ ಕಲಿಸಬೇಕಾ? ಅವರಿಗೆ ಅದು ಬರುವುದಿಲ್ವಾ?

"ಸೂಪರ್", "ನೈಸ್", ಬೆರಳೆತ್ತಿದ ಚಿತ್ರ, ಇಷ್ಟು ಬರುತ್ತದೆ. ಇದು ಕಾಮೆಂಟ್ ಅಲ್ಲ, ಹಾಜರಿ. ಕ್ಲಾಸಿನ ಬ್ಲಾಗ್ ಉಳಿಯುವುದೋ ಸಾಯುವುದೋ ತೀರ್ಮಾನವಾಗುವುದು ಇಲ್ಲೇ. ಬರೆದ ಮಗು ಮಾರನೇ ದಿನ ಓಡಿ ಬಂದು ನೋಡುವುದು ತನ್ನ ಬರಹವನ್ನಲ್ಲ, ಅದಕ್ಕೆ ಯಾರು ಏನು ಹೇಳಿದ್ದಾರೆ ಅನ್ನುವುದನ್ನು. ಅಲ್ಲಿ ಏನೂ ಇಲ್ಲದಿದ್ದರೆ, ಅಥವಾ ಹನ್ನೆರಡು "ಸೂಪರ್" ಇದ್ದರೆ, ಮುಂದಿನ ಸಲ ಬರೆಯುವ ಹುರುಪು ಅರ್ಧ ಇಳಿದಿರುತ್ತದೆ.

ಹಾಗಾಗಿ ಮೊದಲ ಎರಡು ಮೂರು ಪೀರಿಯಡ್‌ಗಳಲ್ಲಿ ಬರೆಸುವುದೇ ಬೇಡ, ಬರೀ ಕಾಮೆಂಟ್ ಮಾಡಿಸಿ. ನೀವೇ ಒಂದು ಚಿಕ್ಕ ಬರಹ ಹಾಕಿ, ಎಲ್ಲರೂ ಅದಕ್ಕೆ ಪ್ರತಿಕ್ರಿಯೆ ಬರೆಯಲಿ. ಒಂದು ಸರಳ ನಿಯಮ ಇಡಿ: ಬರಹದಲ್ಲಿರುವ ಒಂದು ನಿರ್ದಿಷ್ಟ ಮಾತನ್ನು ಎತ್ತಿ ಹೇಳಬೇಕು, ಮತ್ತು ನಿಜವಾಗಿ ಉತ್ತರ ಬೇಕಾಗಿರುವ ಒಂದು ಪ್ರಶ್ನೆ ಕೇಳಬೇಕು.

ಇದು ಏನು ಮಾಡುತ್ತದೆ ಅಂತ ಹತ್ತಿರದಿಂದ ನೋಡೋಣ. ಒದ್ದೆ ಹತ್ತಿಯಲ್ಲಿ ಹುರುಳಿಕಾಯಿ ಬೀಜ ಇಟ್ಟ ಮಗು ಬರೆಯಿತು ಅಂತಿಟ್ಟುಕೊಳ್ಳಿ: "ನನ್ನ ಬೀಜ ಇವತ್ತು ಮೊಳಕೆ ಬಂತು. ನನಗೆ ತುಂಬಾ ಖುಷಿಯಾಯಿತು." ಕೆಳಗೆ ಇನ್ನೊಂದು ಮಗು ಕೇಳುತ್ತದೆ: "ಬಂತು ಅಂದಿದ್ದೀಯ. ಏನು ಬಂತು? ಬೇರಾ, ಎಲೆಯಾ? ನನ್ನದು ಕೆಳಗೆ ಹೋಗ್ತಾ ಇದೆ." ಮೊದಲ ಮಗು ಎದ್ದು ಹೋಗಿ ಮತ್ತೆ ನೋಡಲೇಬೇಕು. ನೋಡಿ ಬಂದು ಬರೆಯುತ್ತದೆ: "ಬಿಳಿ ಬಾಲದ ಥರ ಇದೆ. ಸಿಪ್ಪೆ ಒಡೆದಿರುವ ಜಾಗದಿಂದ ಬಂದಿದೆ. ಎಲೆ ಇನ್ನೂ ಇಲ್ಲ. ನಾನು ಬೀಜ ತಿರುಗಿಸಿ ಇಟ್ಟಿದ್ದೆ, ಆದರೂ ಬಾಲ ಕೆಳಗೇ ಬಗ್ಗಿದೆ." ಬೇರು ಮೊದಲು ಬರುತ್ತದೆ, ನೆಲದ ಸೆಳೆತ ಇರುವ ಕಡೆಗೇ ಬೆಳೆಯುತ್ತದೆ ಅಂತ ಯಾರೂ ಪಾಠ ಹೇಳಲಿಲ್ಲ. ಒಂದು ಪ್ರಶ್ನೆ ಅದನ್ನು ಮಾಡಿಸಿತು. ಅದೇ ಜಾಗದಲ್ಲಿ "ಸೂಪರ್" ಅಂತ ಇದ್ದಿದ್ದರೆ ಬೀಜದ ಕಥೆ ಖುಷಿಯಲ್ಲೇ ಮುಗಿಯುತ್ತಿತ್ತು.

ಶಿಕ್ಷಕರೂ ಕಾಮೆಂಟ್ ಹಾಕಬೇಕು, ಆದರೆ ಮೊದಲಿಗರಾಗಿ ಅಲ್ಲ. ಟೀಚರ್ ಮಾತಾಡಿದ ಮೇಲೆ ಮಕ್ಕಳು ಸುಮ್ನೆ ಆಗಿಬಿಡುತ್ತಾರೆ. ಒಂದೆರಡು ದಿನ ಕಾಯಿರಿ. ಮತ್ತೆ, ಎಲ್ಲ ಕಾಮೆಂಟೂ ನಿಮ್ಮ ಒಪ್ಪಿಗೆ ಆದ ಮೇಲೇ ಕಾಣುವ ಹಾಗೆ ಸೆಟ್ಟಿಂಗ್ ಇಡಿ. ಇದರಲ್ಲಿ ರಾಜಿ ಬೇಡ.

ನಮ್ಮ ಬ್ಲಾಗನ್ನು ಯಾರೂ ಓದುವುದಿಲ್ಲ. ಏನು ಮಾಡುವುದು?

ಓದುಗರು ತಾವಾಗಿ ಬರುವುದಿಲ್ಲ, ಕರೆತರಬೇಕು. ಎಲ್ಲಕ್ಕಿಂತ ಚೆನ್ನಾಗಿ ನಡೆಯುವುದು ನಾಲ್ಕು ಕ್ಲಾಸುಗಳ ಕೂಟ. ಬೇರೆ ಬೇರೆ ಊರಿನ, ಸಾಧ್ಯವಾದರೆ ಬೇರೆ ದೇಶದ, ನಾಲ್ಕು ತರಗತಿಗಳು ಒಪ್ಪಂದ ಮಾಡಿಕೊಳ್ಳುತ್ತವೆ. ಮೊದಲ ವಾರ ಮೂರು ಕ್ಲಾಸಿನವರು ನಾಲ್ಕನೆಯವರ ಬ್ಲಾಗ್ ಓದಿ ಕಾಮೆಂಟ್ ಹಾಕುತ್ತಾರೆ. ಮುಂದಿನ ವಾರ ಇನ್ನೊಬ್ಬರ ಸರದಿ. ತಿಂಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಎಡ್ಯುಬ್ಲಾಗ್ಸ್ 2008ರಿಂದ ಹಲವು ವರ್ಷ ಮಕ್ಕಳಿಗಾಗಿ ಬ್ಲಾಗಿಂಗ್ ಚಾಲೆಂಜ್ ಅಂತ ನಡೆಸಿತು. ವಾರಕ್ಕೊಂದು ಕೆಲಸ ಕೊಟ್ಟು ಬೇರೆ ಬೇರೆ ದೇಶದ ತರಗತಿಗಳ ಪರಿಚಯ ಮಾಡಿಸುತ್ತಿತ್ತು.

ಅಷ್ಟು ದೂರ ಹೋಗಲಾಗದಿದ್ದರೆ ಪಕ್ಕದ ಕ್ಲಾಸು, ಹಳೆಯ ವಿದ್ಯಾರ್ಥಿಗಳು, ಅಜ್ಜ ಅಜ್ಜಿ. ಅಜ್ಜ ಅಜ್ಜಿಯರು ಬಹಳ ನಿಷ್ಠೆಯ ಓದುಗರು. ಆದರೆ ಅವರು ಹೊಗಳುವುದು ಮಾತ್ರ ಮಾಡುತ್ತಾರೆ, ಪ್ರಶ್ನೆ ಕೇಳಲು ಅವರಿಗೂ ಹೇಳಿಕೊಡಿ.

ಎಷ್ಟು ಜನ ನೋಡಿದರು ಅನ್ನುವ ಲೆಕ್ಕವನ್ನು ಮಕ್ಕಳಿಗೆ ತೋರಿಸಬೇಡಿ. ಆ ಅಂಕಿ ಕಂಡ ದಿನದಿಂದ ಅವರು ಅದಕ್ಕಾಗಿಯೇ ಬರೆಯಲು ಶುರು ಮಾಡುತ್ತಾರೆ.

ಕಾಗುಣಿತದ ತಪ್ಪು ಇರುವಾಗಲೇ ಪ್ರಕಟಿಸಬಹುದಾ?

ತಿದ್ದಿ ಪ್ರಕಟಿಸುವುದೇ ಒಳ್ಳೆಯದು. ಆದರೆ ತಿದ್ದಬೇಕಾದವರು ಬರೆದ ಮಗು. ನೀವು ತಪ್ಪಿರುವ ಸಾಲನ್ನು ತೋರಿಸಿ, ತಪ್ಪನ್ನು ಅದು ಹುಡುಕಲಿ. ನಾಲ್ಕು ಜನ ಓದುತ್ತಾರೆ ಅಂತ ಗೊತ್ತಾದಾಗ ಮಕ್ಕಳಿಗೆ ತಾವಾಗಿಯೇ ಕಾಗುಣಿತದ ಮೇಲೆ ಗಮನ ಬರುತ್ತದೆ.

ತಿದ್ದುವಾಗ ಶಿಕ್ಷಕರು ಒಂದು ಕಡೆ ಕೈ ಹಿಡಿತದಲ್ಲಿಡಬೇಕು. ಮಗು "ಬೆಕ್ಕು ನನ್ನನ್ನು ನೋಡದ ಹಾಗೆ ನೋಡಿತು" ಅಂತ ಬರೆದಿದೆ ಅಂದುಕೊಳ್ಳಿ. "ಬೆಕ್ಕು ನನ್ನನ್ನು ನಿರ್ಲಕ್ಷಿಸಿತು" ಅಂತ ತಿದ್ದಲು ಕೈ ತುರಿಸುತ್ತದೆ. ದಯವಿಟ್ಟು ಬೇಡ. ಮೊದಲನೆಯ ವಾಕ್ಯದಲ್ಲಿ ಬೆಕ್ಕು ಇದೆ. ಎರಡನೆಯದರಲ್ಲಿ ಟೀಚರ್ ಇದ್ದಾರೆ.

ಅಂಕ ಕೊಡಬೇಕಾ?

ಪ್ರತಿ ಬರಹಕ್ಕೂ ಬೇಡ. ಎಷ್ಟು ಬರಹ, ಎಷ್ಟು ಕಾಮೆಂಟ್ ಅಂತ ಎಣಿಸಿ ಕೊಡುವುದಂತೂ ಬೇಡವೇ ಬೇಡ. "ಎರಡು ಕಾಮೆಂಟ್ ಕಡ್ಡಾಯ" ಅಂದರೆ ಎರಡೇ ಬರುತ್ತವೆ, ಅವೂ ಹಾಜರಿಯ ಥರ. ಅಂಕ ಕೊಡಲೇಬೇಕು ಅನ್ನುವ ಶಾಲೆ ಆಗಿದ್ದರೆ, ಅವಧಿಯ ಕೊನೆಯಲ್ಲಿ ಮಗುವೇ ತನ್ನ ಮೂರು ಒಳ್ಳೆಯ ಬರಹ, ಒಂದು ಒಳ್ಳೆಯ ಕಾಮೆಂಟ್ ಆರಿಸಿ, ಯಾಕೆ ಆರಿಸಿದೆ ಅಂತ ಬರೆದು ಕೊಡಲಿ. ಅದಕ್ಕೆ ಅಂಕ ಹಾಕಿ.

ಎಐಯಿಂದ ಬರೆಸಿಕೊಂಡು ಬಂದರೆ ಹೇಗೆ ಗೊತ್ತಾಗುತ್ತದೆ?

ಸಾಫ್ಟ್‌ವೇರ್ ನಂಬಿ ಹಿಡಿಯಲು ಹೋಗಬೇಡಿ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರಿನಲ್ಲಿ. ಅದನ್ನು ಮಾಡಿದ ಓಪನ್‌ಎಐ ಕಂಪನಿಯೇ ಎಐ ಬರಹ ಪತ್ತೆ ಮಾಡುವ ಸಾಧನ ಒಂದನ್ನು ಬಿಟ್ಟಿತ್ತು. ಅದು ಸರಿಯಾಗಿ ಹೇಳುತ್ತಿಲ್ಲ ಅಂತ 2023ರ ಜುಲೈನಲ್ಲಿ ತಾನೇ ವಾಪಸ್ ತೆಗೆದುಕೊಂಡಿತು. ಸುಳ್ಳು ಆರೋಪ ಹೊತ್ತ ಮಗು ಆಮೇಲೆ ಬರೆಯುವುದೇ ಇಲ್ಲ.

ಪ್ರಶ್ನೆಯನ್ನೇ ಬದಲಿಸಿ. "ಮಳೆಯ ಮಹತ್ವ" ಅಂದರೆ ಯಂತ್ರ ಸೊಗಸಾಗಿ ಬರೆದುಕೊಡುತ್ತದೆ. "ನಿನ್ನೆ ನಿನ್ನ ಗುಂಪಿನಲ್ಲಿ ಯಾವ ವಿಷಯಕ್ಕೆ ಜಗಳ ಆಯಿತು, ಕೊನೆಗೆ ಯಾರು ಒಪ್ಪಿದರು" ಅನ್ನುವುದು ಅದಕ್ಕೆ ಗೊತ್ತಿಲ್ಲ. ಕರಡನ್ನು ಕ್ಲಾಸಿನಲ್ಲೇ ಕಾಗದದ ಮೇಲೆ ಬರೆಸುವುದೂ ಒಂದು ದಾರಿ. ವರ್ಡ್‌ಪ್ರೆಸ್ ಹಳೆಯ ಕರಡುಗಳನ್ನು ಉಳಿಸಿಕೊಳ್ಳುತ್ತದೆ. ಬರಹ ಹೇಗೆ ಬೆಳೆಯಿತು ಅಂತ ಅಲ್ಲಿ ಕಾಣುತ್ತದೆ.

ಗೂಗಲ್‌ನಲ್ಲಿ ಸಿಕ್ಕ ಚಿತ್ರ ಹಾಕಬಹುದಾ?

ಸಿಕ್ಕಿತು ಅಂದ ಮಾತ್ರಕ್ಕೆ ಬಳಸಲಾಗದು. ಬಳಸಲು ಬಿಟ್ಟಿರುವ ಚಿತ್ರಗಳು ಬೇಕಾದಷ್ಟಿವೆ. ಈ ಷರತ್ತಿನ ಮೇಲೆ ಬಳಸಿಕೊಳ್ಳಿ ಅಂತ ಮಾಡಿದವರೇ ಮೊದಲೇ ಒಪ್ಪಿಗೆ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು 2002ರಿಂದ ಇವೆ. 2004ರಲ್ಲಿ ಶುರುವಾದ ವಿಕಿಮೀಡಿಯ ಕಾಮನ್ಸ್ ಅನ್ನುವ ಸಂಗ್ರಹ ತಾಣದಲ್ಲಿ ಬಳಸಲು ಬಿಟ್ಟಿರುವ ಚಿತ್ರಗಳೇ ಇರುವುದು. ಚಿತ್ರದ ಕೆಳಗೆ ನಾಲ್ಕು ವಿಷಯ ಬರೆಸಿ: ಚಿತ್ರದ ಹೆಸರು, ಮಾಡಿದವರು, ಎಲ್ಲಿಂದ ತಂದದ್ದು, ಯಾವ ಪರವಾನಗಿ. ಎಲ್ಲಕ್ಕಿಂತ ಮಜಾ ಇರುವುದು ಮಕ್ಕಳೇ ಚಿತ್ರ ಬರೆದರೆ. ಜೊತೆಗೆ ಚಿತ್ರದಲ್ಲಿ ಏನಿದೆ ಅಂತ ಒಂದು ಸಾಲು ಆಲ್ಟ್ ಟೆಕ್ಸ್ಟ್ ಜಾಗದಲ್ಲಿ ತುಂಬಿಸಿ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ.

ನಮ್ಮಲ್ಲಿ ಇರುವುದು ಒಂದೇ ಕಂಪ್ಯೂಟರ್. ನೆಟ್ ಬಂದರೆ ಬಂತು.

ಕಾಗದದ ಬ್ಲಾಗ್ ಮಾಡಿ. ತಮಾಷೆ ಅಲ್ಲ. ಒಂದು ಹಾಳೆಯಲ್ಲಿ ಶೀರ್ಷಿಕೆ, ದಿನಾಂಕ, ಬರಹ. ಅದನ್ನು ಗೋಡೆಗೆ ಅಂಟಿಸಿ. ಬೇರೆ ಮಕ್ಕಳು ಚೀಟಿಯಲ್ಲಿ ಕಾಮೆಂಟ್ ಬರೆದು ಕೆಳಗೆ ಅಂಟಿಸಲಿ. ಬರೆದವರು ಅದಕ್ಕೆ ಉತ್ತರ ಕೊಡಲಿ. ಸೌಕರ್ಯ ಇರುವ ಶಾಲೆಗಳೂ ಹೀಗೆಯೇ ಶುರು ಮಾಡಿದರೆ ಚೆನ್ನ. ಕಾಮೆಂಟ್ ಕಲಿಯಲು ಕರೆಂಟ್ ಬೇಕಾಗಿಲ್ಲ. ವಾರಕ್ಕೊಮ್ಮೆ ನೆಟ್ ಬಂದಾಗ, ಆ ಗೋಡೆಯಿಂದ ಮಕ್ಕಳೇ ಆರಿಸಿದ ಎರಡನ್ನು ಬ್ಲಾಗಿಗೆ ಏರಿಸಿ.

ನಮ್ಮ ಭಾಷೆಯಲ್ಲಿ ಟೈಪ್ ಮಾಡುವುದು ಮಕ್ಕಳಿಗೆ ಕಷ್ಟ ಆಗಲ್ವಾ?

ಮೊದಲ ವಾರ ಆಗುತ್ತದೆ. ಉಚ್ಚಾರಣೆಯಂತೆ ಟೈಪ್ ಮಾಡುವ ಕೀಲಿಮಣೆ ಬಂದ ಮೇಲೆ ಅರ್ಧ ಕಷ್ಟ ಕಳೆದಿದೆ. ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತದೆ. ಆದರೆ ಹಾಗೆ ಹೇಳಿ ಬರೆಸಿದ್ದನ್ನು ಮಗು ಓದಿ ತಿದ್ದಲೇಬೇಕು, ಇಲ್ಲದಿದ್ದರೆ ವಾಕ್ಯಕ್ಕೆ ತಲೆಬುಡ ಇರುವುದಿಲ್ಲ. ಅಕ್ಷರ ಯೂನಿಕೋಡಿನಲ್ಲೇ, ಅಂದರೆ ಎಲ್ಲ ಫೋನು, ಕಂಪ್ಯೂಟರುಗಳೂ ಒಂದೇ ಥರ ಗುರುತಿಸುವ ಅಕ್ಷರ ಸಂಕೇತದಲ್ಲೇ ಇರಲಿ. ಹಳೆಯ ಫಾಂಟುಗಳಲ್ಲಿ ಬರೆದರೆ ಬೇರೆಯವರ ಪರದೆಯಲ್ಲಿ ಏನೇನೋ ಚಿಹ್ನೆಗಳು ಕಾಣುತ್ತವೆ.

ಇದಕ್ಕೆಲ್ಲ ಸಮಯ ಎಲ್ಲಿದೆ?

ಇರುವ ಮನೆಕೆಲಸದ ಜೊತೆಗೆ ಇದನ್ನೂ ಸೇರಿಸಿದರೆ ಖಂಡಿತ ಇಲ್ಲ. ಯಾವುದಾದರೂ ಒಂದನ್ನು ತೆಗೆದು ಆ ಜಾಗದಲ್ಲಿ ಇದನ್ನು ಇಡಿ. ತರಗತಿಯನ್ನು ಐದು ಗುಂಪು ಮಾಡಿ, ದಿನಕ್ಕೊಂದು ಗುಂಪು ಬರೆಯಲಿ. ಆಗ ನೀವು ದಿನಕ್ಕೆ ಏಳೆಂಟು ಚಿಕ್ಕ ಬರಹ ಓದಿದರೆ ಸಾಕು. ಮಕ್ಕಳಿಗೆ ಬೇರೆ ಬೇರೆ ಬ್ಲಾಗ್ ಇದ್ದರೆ ಆರ್‌ಎಸ್‌ಎಸ್ ಫೀಡ್ ರೀಡರ್ ಅನ್ನುವ ತಂತ್ರಾಂಶ ಬಳಸಿ. ಹೊಸ ಬರಹಗಳೆಲ್ಲ ಒಂದೇ ಕಡೆ ಬಂದು ಬೀಳುತ್ತವೆ.

ಮಗು ಶಾಲೆಯನ್ನೇ ಟೀಕೆ ಮಾಡಿ ಬರೆದರೆ?

ಇದು ನಿಜವಾಗಿ ನಡೆದಿದೆ. 2012ರ ಏಪ್ರಿಲ್ ಕೊನೆಯಲ್ಲಿ ಸ್ಕಾಟ್ಲೆಂಡಿನ 9 ವರ್ಷದ ಹುಡುಗಿಯೊಬ್ಬಳು ಅಪ್ಪನ ಸಹಾಯದಿಂದ "ನೆವರ್‌ಸೆಕೆಂಡ್ಸ್" ಅನ್ನುವ ಬ್ಲಾಗ್ ಶುರು ಮಾಡಿದಳು. ಶಾಲೆಯ ಮಧ್ಯಾಹ್ನದ ಊಟದ ಫೋಟೋ, ರುಚಿಗೆ 10ಕ್ಕೆ ಎಷ್ಟು ಅಂಕ, ಎಷ್ಟು ತುತ್ತು, ಎಷ್ಟು ಆರೋಗ್ಯಕರ, ಊಟದಲ್ಲಿ ಎಷ್ಟು ಕೂದಲು ಸಿಕ್ಕಿತು. ಅಷ್ಟೇ. ಬೈಗುಳ ಇಲ್ಲ, ವಿಶೇಷಣ ಇಲ್ಲ, ಬರೀ ಅಳತೆ. ನೋಡನೋಡುತ್ತಾ ಲಕ್ಷಾಂತರ ಜನ ಓದತೊಡಗಿದರು. ಜೂನ್ ಮಧ್ಯದಲ್ಲಿ ಅಲ್ಲಿನ ಸ್ಥಳೀಯ ಆಡಳಿತ ಫೋಟೋ ತೆಗೆಯಬಾರದು ಅಂದಿತು. ಸುದ್ದಿ ಎಲ್ಲ ಕಡೆ ಹಬ್ಬಿತು. ಮಾರನೇ ದಿನವೇ ನಿಷೇಧ ವಾಪಸ್ಸಾಯಿತು. ಮಕ್ಕಳಿಗೆ ಊಟ ಕೊಡುವ ಮೇರೀಸ್ ಮೀಲ್ಸ್ ಅನ್ನುವ ದತ್ತಿ ಸಂಸ್ಥೆಗೆ ಆ ಬ್ಲಾಗಿನ ಮೂಲಕ ಒಂದು ಲಕ್ಷ ಪೌಂಡಿಗಿಂತ ಜಾಸ್ತಿ ಹಣ ಬಂತು.

ಮಕ್ಕಳಿಗೆ ಇದನ್ನು ಸಾಹಸದ ಕಥೆಯಾಗಿ ಹೇಳುವುದಕ್ಕಿಂತ, ಅವಳು ಬರೆದ ರೀತಿಯನ್ನು ತೋರಿಸಿ. "ಊಟ ಚೆನ್ನಾಗಿಲ್ಲ" ಅನ್ನುವುದಕ್ಕೂ ಅಂಕ, ತುತ್ತು, ಕೂದಲಿನ ಲೆಕ್ಕ ಇಡುವುದಕ್ಕೂ ಎಷ್ಟು ವ್ಯತ್ಯಾಸ! ವ್ಯಕ್ತಿಯ ಹೆಸರು ಹಿಡಿದು ಬರೆಯಬಾರದು, ಕಂಡದ್ದನ್ನು ಕಂಡ ಹಾಗೆ ಬರೆಯಬಹುದು ಅನ್ನುವ ಗೆರೆಯನ್ನು ಮೊದಲ ದಿನವೇ ಎಳೆಯಿರಿ. ಮುಖ್ಯೋಪಾಧ್ಯಾಯರಿಗೂ ಅದೇ ದಿನ ತಿಳಿಸಿ.

ಯಾರಾದರೂ ಹೀಯಾಳಿಸುವ ಕಾಮೆಂಟ್ ಹಾಕಿದರೆ?

ಪ್ರಕಟಿಸಬೇಡಿ, ಅಳಿಸಲೂ ಬೇಡಿ. ಮೊದಲು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕ್ಲಾಸಿನ ಮಗುವೇ ಹಾಕಿದ್ದರೆ ಪಕ್ಕಕ್ಕೆ ಕರೆದು ಮಾತಾಡಿ, ಎಲ್ಲರ ಮುಂದೆ ಬೇಡ. ಹೊರಗಿನವರದ್ದಾದರೆ ತಡೆಹಿಡಿದು ಮುಖ್ಯೋಪಾಧ್ಯಾಯರಿಗೆ ತಿಳಿಸಿ. ಮಗುವಿನ ಜೊತೆ ಖಾಸಗಿಯಾಗಿ ಮಾತಾಡಲು ಯತ್ನಿಸುವ ಅಪರಿಚಿತರ ವಿಷಯದಲ್ಲಿ ಮನೆಯವರಿಗೂ ಅದೇ ದಿನ ಹೇಳಬೇಕು.

ವರ್ಷ ಮುಗಿದ ಮೇಲೆ ಬ್ಲಾಗ್ ಏನು ಮಾಡುವುದು?

ಸುಮ್ನೆ ಬಿಟ್ಟು ಹೋಗಬೇಡಿ. ಯಾರೂ ಕಾಯದ ಬ್ಲಾಗಿಗೆ ಸ್ಪ್ಯಾಮ್, ಅಂದರೆ ಬೇಡದ ಜಾಹೀರಾತಿನ ಕಾಮೆಂಟ್, ಬಂದು ಸೇರುತ್ತದೆ. ಮೊದಲು ಕಾಮೆಂಟ್ ಮುಚ್ಚಿ. ಪ್ರತಿ ಮಗುವಿಗೂ ಅದರ ಬರಹಗಳ ಪ್ರತಿ ಕೊಡಿ, ಪಿಡಿಎಫ್ ಆದರೂ ಸರಿ, ಮುದ್ರಿಸಿದರೂ ಸರಿ. ತೆಗೆಯಿರಿ ಅಂದವರ ಬರಹ ತೆಗೆಯಿರಿ. ಮಕ್ಕಳ ಖಾತೆಗಳನ್ನು ಅಳಿಸಿ. ಶಿಕ್ಷಕರು ಬೇರೆ ಕಡೆ ಹೋಗುವುದಾದರೆ ಪಾಸ್‌ವರ್ಡ್ ಶಾಲೆಗೆ ಒಪ್ಪಿಸಿ ಹೋಗಬೇಕು.

ಬ್ಲಾಗರ್, ವರ್ಡ್‌ಪ್ರೆಸ್ ಎರಡರಲ್ಲೂ ಇಡೀ ಬ್ಲಾಗನ್ನು ಇಳಿಸಿಕೊಳ್ಳುವ ಸೌಲಭ್ಯ ಇದೆ. ವರ್ಡ್‌ಪ್ರೆಸ್ ಕೊಡುವ ಎಕ್ಸ್‌ಎಂಎಲ್ ಫೈಲಿನಲ್ಲಿ ಬರಹ, ಕಾಮೆಂಟ್ ಎಲ್ಲ ಇರುತ್ತವೆ. ಆದರೆ ಚಿತ್ರಗಳು ಇರುವುದಿಲ್ಲ, ಅವುಗಳ ವಿಳಾಸ ಮಾತ್ರ ಇರುತ್ತದೆ. ಬ್ಲಾಗ್ ಅಳಿಸುವ ಮೊದಲು ಚಿತ್ರಗಳನ್ನು ಬೇರೆಯಾಗಿ ಇಳಿಸಿಕೊಳ್ಳಿ.